ಕರಗಿದ್ದು

ಇಪ್ಪತ್ತೆರಡು ವರ್ಷ
ಮಲ್ಪೆಯ ಈ ಐಸ್ ಪ್ಲಾಂಟಿನ ಲೆಕ್ಕ ಬರೆದವಳು ನಾನು.
ಉದ್ದ ಪುಸ್ತಕ, ಕೆಂಪು ಬೈಂಡು, ಐದು ಕಾಲಂ:
ಹೆಪ್ಪುಗಟ್ಟಿದ್ದು, ಬೋಟಿಗೆ ಹೋದದ್ದು, ಲಾರಿಗೆ ಹೋದದ್ದು, ಉಳಿದದ್ದು.
ಕೊನೆಯದು, ಗೆರೆ ತುಸು ಸೊಟ್ಟ:
ಕರಗಿದ್ದು.

ತಾಳೆಯಾಗದ್ದೆಲ್ಲ ಅಲ್ಲಿಗೆ.
ಕೈಜಾರಿ ಒಡೆದ ಬಾರು, ಕ್ರಶರಿನ ಬಾಯಿಂದ ಚೆಲ್ಲಿದ ಪುಡಿ,
ಡ್ರೈವರ್ ಸಾಲ ಹೇಳಿ ಮರೆತದ್ದು,
ನಾನೇ ಕೂಡಿಸುವಾಗ ತಪ್ಪಿದ್ದು.
ಐಸಿನ ವ್ಯಾಪಾರದಲ್ಲಿ ಇದೊಂದು ಸುಖ:
ಕೇಳುವ ಹೊತ್ತಿಗೆ ಸಾಕ್ಷಿ
ಚರಂಡಿ ದಾಟಿ ಸಮುದ್ರ ಸೇರಿರುತ್ತದೆ.

ತಿಂಗಳಾಯರು ತಿಂಗಳ ಕೊನೆಗೆ ಕನ್ನಡಕ ಏರಿಸಿ
ಆ ಕಾಲಂ ನೋಡುವರು, ನನ್ನನ್ನು ನೋಡುವರು,
"ಈ ಸಲ ಸೆಕೆ ಜಾಸ್ತಿ ಅಲ್ವಾ" ಎನ್ನುವರು.
ಡಿಸೆಂಬರಿನಲ್ಲೂ.

ಆಮೇಲೊಮ್ಮೆ ಕರೆಂಟು ಬಿಲ್ಲು
ಮಾರಾಟದ ಅರ್ಧ ನುಂಗಿತು.
ಬ್ಯಾಂಕಿನವರು ಲೆಕ್ಕ ಕೇಳಿದರು. ಪುಸ್ತಕ ಅಲ್ಲ, ಲೆಕ್ಕ.
ಮಂಗಳೂರಿನಿಂದ ರಫೀದಾ ಬಂದಳು, ಬೆನ್ನಿಗೆ ಚೀಲ,
ಹಿಂದೆ ರಿಕ್ಷಾದಲ್ಲಿ ಮೀಟರು, ತೂಕದ ಹಲಗೆ,
ಬಾಗಿಲಿಗೊಂದು ಗುಂಡಿಯಷ್ಟು ಸೆನ್ಸರು.
ಹದಿನೇಳು ದಿನ ನಾನು ಪುಸ್ತಕ ಓದಿದೆ, ಅವಳು ತುಂಬಿಕೊಂಡಳು.
"ಅಕ್ಕ, ಈ ಕರಗಿದ್ದಕ್ಕೆ ಕಾರಣ ಹಾಕಬೇಕು.
ಕಾರಣ ಇಲ್ಲದೆ ಸಿಸ್ಟಮ್ ಮುಂದೆ ಹೋಗುವುದಿಲ್ಲ."
"ಐಸು ಮಾರಾಯ್ತಿ. ಕರಗುತ್ತದೆ."
ಅವಳು ನಗಲಿಲ್ಲ. ಕರ್ಸರು ಮಿಟುಕುತ್ತಿತ್ತು,
ಬಾಕಿ ಕೇಳಲು ಬಂದು ನಿಂತವನ ಹೆಬ್ಬೆರಳಿನಂತೆ.

ಮೂರನೇ ವಾರ ಮೊದಲ ಕಳ್ಳ ಸಿಕ್ಕಿಬಿದ್ದ:
ಮೂರನೇ ನಂಬರಿನ ಬಾಗಿಲು.
ಅಂಚಿನ ರಬ್ಬರು ಸತ್ತು ಯಾವ ಕಾಲವಾಯಿತೋ,
ಕಂಪ್ರೆಸರು ರಾತ್ರಿಯಿಡೀ ಏದುಸಿರು ಬಿಟ್ಟು ದುಡಿದದ್ದು
ದಕ್ಕೆಯ ಬೆಕ್ಕುಗಳಿಗೆ ತಂಪು ಮಾಡಲು.
ರಬ್ಬರಿಗೆ ಒಂಬೈನೂರು ರೂಪಾಯಿ.
ಸೋರಿದ್ದರ ಮೊತ್ತ ಪರದೆಗೆ ಬಂದಾಗ
ತಿಂಗಳಾಯರು ಕೂರಲು ಕುರ್ಚಿ ಹುಡುಕಿದರು.
ಸಂಜೆಯ ಕರೆಂಟು ದುಬಾರಿ, ನಡುರಾತ್ರಿಯದು ಅಗ್ಗ;
ಹೆಪ್ಪುಗಟ್ಟಿಸುವ ಹೊತ್ತನ್ನು ಅತ್ತ ದೂಡಿದೆವು.
ಬಿಲ್ಲು ಕಾಲು ಭಾಗ ಇಳಿಯಿತು.

ಎರಡನೇ ಕಳ್ಳಿ ನಾನು.
ಬೆಳಿಗ್ಗೆ ಐದೂವರೆ, ದಿನಕ್ಕೆ ನಲವತ್ತು ಕಿಲೋ,
ಆದಿತ್ಯವಾರ ಬಿಟ್ಟು.
ಗ್ರಾಫಿನಲ್ಲಿ ಗರಗಸದ ಹಲ್ಲಿನ ಹಾಗೆ.
"ಐಸು ಗಡಿಯಾರ ನೋಡಿ ಕರಗುತ್ತದಾ ಅಕ್ಕ?"

ಪದ್ದಕ್ಕ, ಅವಳ ಹಿಂದೆ ಏಳು ಬುಟ್ಟಿ,
ಸಂತೆಕಟ್ಟೆ, ಕಲ್ಯಾಣಪುರದ ತನಕ ಬಸ್ಸಿನಲ್ಲಿ ಮೀನು ಒಯ್ಯುವವರು.
ಬಂಗುಡೆಯ ಕಣ್ಣು ಮಧ್ಯಾಹ್ನದೊಳಗೆ ಕೆಂಪಾಗಬಾರದು.
ಬುಟ್ಟಿಗೆ ಐದು ಕಿಲೋ ಪುಡಿ. ದುಡ್ಡು ಕೇಳಿದವರಿಲ್ಲ,
ತಿಂಗಳಾಯರ ತಾಯಿ ಬುಟ್ಟಿ ಹೊತ್ತ ಕಾಲದಿಂದ.

ಹೇಳಿಬಿಟ್ಟೆ. ಕೆಲಸ ಹೋಗುತ್ತದೆಂದುಕೊಂಡೇ ಹೇಳಿದೆ.
ಅವರು ತುಂಬ ಹೊತ್ತು ಪರದೆ ನೋಡಿದರು.
"ಇದಕ್ಕೊಂದು ಕೋಡ್ ಮಾಡಿ."
"ಯಾವ ಖಾತೆ ಸರ್? ಮಾರಾಟವಾ, ನಷ್ಟವಾ?"
"ಎರಡೂ ಅಲ್ಲ."
"ಎರಡೂ ಅಲ್ಲದ್ದು ಸಿಸ್ಟಮಿನಲ್ಲಿ ಇಲ್ಲ ಸರ್."
"ಇಲ್ಲದ್ದು ಮಾಡಲಿಕ್ಕೇ ಅಲ್ವಾ ನಿಮಗೆ ದುಡ್ಡು ಕೊಡುವುದು?"

ದರಕ್ಕೆ ಸೊನ್ನೆ ಒಪ್ಪಲಿಲ್ಲ ಯಂತ್ರ.
ಆದ್ದರಿಂದ ಬುಟ್ಟಿಗೆ ಒಂದು ರೂಪಾಯಿ,
ಕಿರ್ರೆಂದು ಒಂದು ಚೀಟಿ.
ಪದ್ದಕ್ಕ ಓದಲಾರಳು. ಮಡಚಿ ಎಲೆಅಡಿಕೆ ಚೀಲಕ್ಕೆ ಸೇರಿಸುವ ಮೊದಲು
"ನನ್ನ ಹೆಸರು ಉಂಟಾ ಇದರಲ್ಲಿ?"
"ಉಂಟು. ಗಿರಾಕಿ ಸಂಖ್ಯೆ ಎಂಟು ಸೊನ್ನೆ ನಾಲ್ಕು."
"ಹೆಸರು ಕೇಳಿದ್ದು ನಾನು."
"ಪದ್ಮಾವತಿ" ಎಂದು ಓದಿದೆ.
ಯಾರೋ ದೂರದಿಂದ ಕರೆದ ಹಾಗೆ ತಿರುಗಿ ನೋಡಿದಳು.

ತಿಂಗಳಿಗೊಮ್ಮೆ ಆ ಎಂಟು ಸಾಲು ಕೆಂಪಾಗುತ್ತದೆ:
ಖರ್ಚಿಗಿಂತ ಆದಾಯ ಕಡಿಮೆ, ನಿಲ್ಲಿಸುವುದೇ?
ತಿಂಗಳಾಯರು ತೋರುಬೆರಳಲ್ಲಿ ತಡಕಾಡಿ
"ಇರಲಿ" ಒತ್ತುತ್ತಾರೆ.
ಮುಂದೆ ಅವರ ಮಗ ಒತ್ತುತ್ತಾನೋ, ಕಾಣೆ.

ಹಳೆಯ ಕಾಲಂ ಪರದೆಯಲ್ಲಿ ಈಗಲೂ ಉಂಟು.
ಶೇಕಡಾ ಒಂದೂವರೆ.
ಅದು ಮಾತ್ರ ಐಸಿನದು.